ಎರಿ ಹೊಲದ ಚಿಗರಿ ನೋಡಲು ಎಂಥ ದುರ್ಬೀನು ಕೊಳ್ಳಬೇಕು?

ಹಿಂಗಾರಿ ಕಡಲೆ ಮೊಳೆತು ನೆಲ ಹಸಿರಾಗುವ ಹೊತ್ತಿಗೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯ ಎರಿ ಹೊಲಗಳಿಗೆ ಚಿಗರಿ ಹಿಂಡುಗಳು ಇಳಿಯುತ್ತವೆ. ಎಳೆ ಕುಡಿ ಕಳೆದುಕೊಂಡ ರೈತರ ಸಂಕಟ ಸಣ್ಣದಲ್ಲ. ಬಂದೂಕಿನ ಮೇಲೆ ಕೂಡಿಸುವ ಸ್ಕೋಪ್ ತಂದರೆ ಹೇಗೆ ಎಂದು ಕೆಲವರು ಕೇಳುವುದೂ ಆಗಲೇ.

ಉತ್ತರ ಮೊದಲೇ ಹೇಳಿಬಿಡುತ್ತೇನೆ: ಬೇಡ. ಚಿಗರಿ, ಅಂದರೆ ಕೃಷ್ಣಮೃಗ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ಪ್ರಾಣಿ. ಅದನ್ನು ಕೊಂದರೆ 3ರಿಂದ 7 ವರ್ಷ ಜೈಲು. ‘ನನ್ನ ಹತ್ತಿರ ಬೆಳೆ ರಕ್ಷಣೆಯ ಬಂದೂಕಿನ ಲೈಸೆನ್ಸ್ ಇದೆಯಲ್ಲ’ ಎನ್ನಬಹುದು. ಆ ಲೈಸೆನ್ಸ್ ಚಿಗರಿ ಹೊಡೆಯಲು ಕೊಟ್ಟ ಅನುಮತಿ ಅಲ್ಲ. ಬರೀ ನೋಡಲಿಕ್ಕೆ ಸ್ಕೋಪ್ ಇರಲಿ ಎನ್ನುವುದೂ ತಪ್ಪು. ಸ್ಕೋಪಿನಲ್ಲಿ ನೋಡಬೇಕೆಂದರೆ ಬಂದೂಕಿನ ನಳಿಗೆಯೂ ಅದೇ ದಿಕ್ಕಿಗೆ ತಿರುಗುತ್ತದೆ. ಅಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು ಇರಬಹುದು, ಕುರಿ ಕಾಯುವ ಹುಡುಗ ಇರಬಹುದು. ದೂರದ್ದನ್ನು ಹತ್ತಿರ ಕಾಣಲು ಬೇಕಾದದ್ದು ದುರ್ಬೀನು, ಅಂದರೆ ಬೈನಾಕ್ಯುಲರ್. ಅದಕ್ಕೆ ಲೈಸೆನ್ಸ್ ಬೇಡ.

ದುರ್ಬೀನಿನ ಮೇಲೆ 8x42 ಅಥವಾ 10x50 ಎಂದು ಬರೆದಿರುತ್ತದೆ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು. 8 ಎಂದರೆ 800 ಮೀಟರ್ ದೂರದ ಚಿಗರಿ 100 ಮೀಟರಿನಲ್ಲಿ ನಿಂತಂತೆ ಕಾಣುತ್ತದೆ. ಎರಡನೆಯ ಅಂಕಿ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಗಾಜು ದೊಡ್ಡದಾದಷ್ಟೂ ಹೆಚ್ಚು ಬೆಳಕು ಒಳಗೆ ಬರುತ್ತದೆ.

ಹಾಗಾದರೆ 20 ಪಟ್ಟಿನದೇ ತರಬಾರದೇಕೆ? ಬಹಳ ಜನ ಹಣ ಕಳೆದುಕೊಳ್ಳುವುದು ಇಲ್ಲೇ. ಪಟ್ಟು ಹೆಚ್ಚಾದಂತೆ ಕೈಯ ನಡುಕವೂ ಅಷ್ಟೇ ಪಟ್ಟು ಹೆಚ್ಚಾಗಿ ಕಾಣುತ್ತದೆ. ಸ್ಟ್ಯಾಂಡ್ ಇಲ್ಲದೆ 20 ಪಟ್ಟಿನಲ್ಲಿ ಕೊಂಬು ಎಣಿಸುವುದು ಕಷ್ಟ. ಇನ್ನೊಂದು ತೊಡಕು ನಮ್ಮ ನೆಲದ್ದೇ. ಬಿಸಿಲೇರಿದ ಮೇಲೆ ಕರಿಮಣ್ಣು ಕಾದು ಅದರ ಮೇಲಿನ ಗಾಳಿ ಕುದಿಯುತ್ತದೆ. ದುರ್ಬೀನು ಆ ಬಿಸಿಲ ಝಳವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಎಷ್ಟು ಬೆಲೆಯ ಗಾಜಾದರೂ ಮಟಮಟ ಮಧ್ಯಾಹ್ನ ಸೋಲುತ್ತದೆ. ಹಾಗಾಗಿ ನೋಡುವುದೇನಿದ್ದರೂ ಬೆಳಿಗ್ಗೆ ಮತ್ತು ಸಂಜೆ.

ಆ ಹೊತ್ತಿನಲ್ಲಿ ಬೆಳಕು ಕಡಿಮೆ. ಆಗ ಎಕ್ಸಿಟ್ ಪ್ಯುಪಿಲ್ ನೋಡಬೇಕು, ಅಂದರೆ ದುರ್ಬೀನಿನಿಂದ ಕಣ್ಣಿಗೆ ಬಂದು ಬೀಳುವ ಬೆಳಕಿನ ಚುಕ್ಕೆಯ ಅಗಲ. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಸಾಕು. 8x42ಕ್ಕೆ ಸುಮಾರು 5 ಮಿ.ಮೀ., 20x50ಕ್ಕೆ ಎರಡೂವರೆ. ಮಬ್ಬು ಬೆಳಕಿನಲ್ಲಿ ನಮ್ಮ ಕಣ್ಣಿನ ಪಾಪೆ 5 ಮಿ.ಮೀ. ಅಥವಾ ಅದಕ್ಕೂ ಹೆಚ್ಚು ಅರಳಿರುತ್ತದೆ. ಎರಡೂವರೆ ಮಿ.ಮೀ. ಚುಕ್ಕೆ ಬಿದ್ದರೆ ಕಾಣುವುದು ಕತ್ತಲೆ.

ನನ್ನ ಸಲಹೆ ಹೀಗಿದೆ. ನವಲಗುಂದ, ಅಣ್ಣಿಗೇರಿಯಂಥ ಬಯಲಿಗೆ 10x42 ನಡೆಯುತ್ತದೆ. ಕಲಘಟಗಿಯ ಕಾಡಂಚಿಗೆ 8x42 ಮೇಲು. ಅಲ್ಲಿ ಮರಗಳ ನೆರಳಿದೆ, ಪ್ರಾಣಿ ಕಾಣುವುದೂ ಹತ್ತಿರದಲ್ಲೇ. ಒಂದೇ ತರುವುದಾದರೆ ಕಣ್ಣು ಮುಚ್ಚಿ 8x42 ತನ್ನಿ. ಸಾವಿರ ಮೀಟರ್ ದೂರದಲ್ಲಿ ಅದು ಸುಮಾರು 130 ಮೀಟರ್ ಅಗಲದ ನೋಟ ಕೊಡುತ್ತದೆ. ಓಡುವ ಹಿಂಡು ಕೈತಪ್ಪುವುದಿಲ್ಲ.

ಕನ್ನಡಕ ಇರುವವರು ಐ ರಿಲೀಫ್, ಅಂದರೆ ಕಣ್ಣಿಗೂ ಗಾಜಿಗೂ ನಡುವೆ ಇರಬೇಕಾದ ಅಂತರ, 15 ಮಿ.ಮೀ.ಗಿಂತ ಕಡಿಮೆ ಇರುವುದನ್ನು ತರಬೇಡಿ. ನೋಟ ಅಂಚಿನಲ್ಲಿ ಕತ್ತರಿಸಿಹೋಗುತ್ತದೆ.

ಬೆಲೆ? ಸಾಧಾರಣ ಒಳ್ಳೆಯದು 6ರಿಂದ 10 ಸಾವಿರ ರೂಪಾಯಿ. ನೀರು, ದೂಳು ಒಳಗೆ ಹೋಗದಂತೆ ಮುಚ್ಚಿ, ಒಳಗೆ ನೈಟ್ರೋಜನ್ ತುಂಬಿದ್ದು ಬೇಕೆಂದರೆ 12 ಸಾವಿರದಿಂದ ಮೇಲೆ. ಎರಿಮಣ್ಣಿನ ದೂಳಿಗೆ ಈ ಎರಡನೆಯದೇ ತಾಳುತ್ತದೆ. ಜಾತ್ರೆಯಲ್ಲಿ, ಆನ್‌ಲೈನ್‌ನಲ್ಲಿ ‘180 ಪಟ್ಟು ಝೂಮ್’ ಎಂದು ಸಾವಿರ ರೂಪಾಯಿಗೆ ಮಾರುವ, ಕೆಂಪು ಗಾಜಿನ ದುರ್ಬೀನು ಆಟಿಗೆ ಸಾಮಾನು.

ಸಾಧ್ಯವಾದರೆ ಹುಬ್ಬಳ್ಳಿಯ ಕ್ಯಾಮೆರಾ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ. ಒಂದು ಪರೀಕ್ಷೆ ಮಾಡಿ. ದುರ್ಬೀನನ್ನು ಕಣ್ಣಿನಿಂದ ಒಂದು ಕೈ ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿ. ಹಿಂದಿನ ಗಾಜಿನಲ್ಲಿ ಬೆಳಕಿನ ಚುಕ್ಕೆ ಪೂರ್ತಿ ದುಂಡಗಿದ್ದರೆ ಒಳಗಿನ ಪ್ರಿಸಂ, ಅಂದರೆ ಬೆಳಕು ತಿರುಗಿಸುವ ಗಾಜಿನ ಗಟ್ಟಿ, ಒಳ್ಳೆಯದು. ಚುಕ್ಕೆಯ ಅಂಚು ಚೌಕಾಕಾರವಾಗಿ ಕತ್ತರಿಸಿದಂತಿದ್ದರೆ ಅಗ್ಗದ್ದು. ಆಮೇಲೆ ರಸ್ತೆಯಾಚೆಯ ಬೋರ್ಡು ಓದಿ. ಅಕ್ಷರ ಎರಡೆರಡಾಗಿ ಕಂಡರೆ ಅಲ್ಲೇ ಬಿಟ್ಟು ಬನ್ನಿ.

ಮನೆಗೆ ತಂದ ಮೇಲೆ ಕಣ್ಣಿಗೆ ಹೊಂದಿಸಿಕೊಳ್ಳಬೇಕು. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ನಂತರ ಎಡಗಣ್ಣು ಮುಚ್ಚಿ, ಬಲಗಡೆಯ ಗಾಜಿನ ಹತ್ತಿರದ ಬಳೆಯನ್ನಷ್ಟೇ ತಿರುಗಿಸಿ. ಮುಂದೆ ಚಕ್ರವೊಂದೇ ಸಾಕು. ಅಂಗಿಯ ಚುಂಗಿನಿಂದ ಗಾಜು ಒರೆಸಬೇಡಿ, ದೂಳಿನ ಕಣ ಗೀರು ಬೀಳಿಸುತ್ತದೆ. ಮೊದಲು ಗಾಳಿ ಊದುವ ಬ್ಲೋವರ್, ಆಮೇಲೆ ಮೆತ್ತನೆ ಬಟ್ಟೆ. ಮಕ್ಕಳ ಕೈಗೆ ಕೊಡುವಾಗ ಸೂರ್ಯನ ಕಡೆ ತಿರುಗಿಸಬಾರದೆಂದು ಕಟ್ಟುನಿಟ್ಟಾಗಿ ಹೇಳಿ. ಕಣ್ಣೇ ಹೋಗುತ್ತದೆ.

ಬದುವಿನ ಮೇಲೆ ನಿಂತು ನೋಡಿದಾಗ ಕಪ್ಪು ಮೈಯ, ತಿರುಚಿದ ಕೊಂಬಿನ ಗಂಡು ಯಾವುದು, ಕಂದು ಮೈಯ ಹೆಣ್ಣು ಯಾವುದು, ಹಿಂಡು ಯಾವ ಹೊಲದತ್ತ ಹೊರಟಿದೆ ಎಂಬುದು ಮೊದಲೇ ತಿಳಿಯುತ್ತದೆ. ಅವು ಬೆಳೆಗೆ ಬಾಯಿ ಹಾಕುವ ಮುನ್ನ ಕೂಗಿ ಓಡಿಸಲು ಸಮಯ ಸಿಗುತ್ತದೆ. ಚಳಿಗಾಲದಲ್ಲಿ ಇದೇ ದುರ್ಬೀನು ಹಿಡಿದು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋದರೆ ಪಟ್ಟೆತಲೆ ಹೆಬ್ಬಾತುಗಳನ್ನೂ ನೋಡಬಹುದು. ಆ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಗೆ ಸೇರಿದೆ.

ಬೆಳೆ ಹಾಳಾಗಿದ್ದರೆ ಮೊಬೈಲಿನ ಕ್ಯಾಮೆರಾವನ್ನು ದುರ್ಬೀನಿನ ಹಿಂದಿನ ಗಾಜಿಗೆ ಹಚ್ಚಿ ಹಿಂಡಿನ ಫೋಟೊ ತೆಗೆಯಿರಿ. ಮೇಯ್ದ ಸಾಲುಗಳ, ಹೆಜ್ಜೆ ಗುರುತಿನ ಫೋಟೊವೂ ಇರಲಿ. ಪಹಣಿಯ ಪ್ರತಿ ಜೋಡಿಸಿ ವಲಯ ಅರಣ್ಯಾಧಿಕಾರಿ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ಹೊಲ ಹರಗಿ ಗುರುತು ಅಳಿಸಿದ ಮೇಲೆ ಹೋಗಬೇಡಿ, ಮೊದಲೇ ಹೋಗಿ.