ಪ್ಯಾರಿಸ್ಸಿನ ಮುದ್ರೆ, ಹಳೆ ಮದ್ರಾಸು ರಸ್ತೆ

ಭಾನುವಾರ ನಸುಕಿಗೆ ಹಲಸೂರಿನಿಂದ ಹೊಸಕೋಟೆಯ ಕಡೆಗೆ ಹೋಗುವ ಹಳೆ ಮದ್ರಾಸು ರಸ್ತೆಯಲ್ಲಿ ಎರಡು ಬಗೆಯ ಸೈಕಲ್ಲುಗಳು ಕಾಣಸಿಗುತ್ತವೆ. ಒಂದರ ಕ್ಯಾರಿಯರ್ ಮೇಲೆ ದಿನಪತ್ರಿಕೆಯ ಕಟ್ಟೋ ಟೀ ತುಂಬಿದ ದೊಡ್ಡ ಫ್ಲಾಸ್ಕೋ ಇರುತ್ತದೆ. ಇನ್ನೊಂದಕ್ಕೆ ಕ್ಯಾರಿಯರೇ ಇಲ್ಲ. ತೆಳ್ಳನೆಯ ಚಕ್ರ, ಬಾಗಿದ ಹ್ಯಾಂಡಲ್, ಸವಾರನ ತಲೆಗೆ ಹೆಲ್ಮೆಟ್ಟು, ಬೆನ್ನಿಗೆ ಮಿಂಚುವ ಪಟ್ಟಿ. ಈ ಎರಡನೆಯವರಲ್ಲಿ ಕೆಲವರ ಜೇಬಿನಲ್ಲಿ ಮಡಚಿಟ್ಟ ಒಂದು ಕಾರ್ಡು ಇರುವುದುಂಟು. ಅದಕ್ಕೆ ‘ಬ್ರೆವೆ’ ಎಂದು ಹೆಸರು. ಫ್ರೆಂಚ್ ಮಾತು. ಪ್ರಮಾಣಪತ್ರ ಎಂದರ್ಥ.

ಬ್ರೆವೆ ಪಂದ್ಯವಲ್ಲ. ಮೊದಲು ಬಂದವರಿಗೆ ಪದಕವಿಲ್ಲ, ಕೊನೆಗೆ ಬಂದವರಿಗೆ ಅವಮಾನವೂ ಇಲ್ಲ. ಗೊತ್ತುಪಡಿಸಿದ ದೂರವನ್ನು ಗೊತ್ತುಪಡಿಸಿದ ಅವಧಿಯೊಳಗೆ ಮುಗಿಸಬೇಕು, ಅಷ್ಟೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ದಾರಿಯಲ್ಲಿ ಪಂಕ್ಚರ್ ಆದರೆ ತಾನೇ ಹಾಕಿಕೊಳ್ಳಬೇಕು, ಹಸಿದರೆ ತಾನೇ ಹುಡುಕಿಕೊಂಡು ತಿನ್ನಬೇಕು. ಹಿಂದೆ ಸಹಾಯಕ್ಕೆಂದು ಕಾರು ಬರುವಂತಿಲ್ಲ. ನಡುನಡುವೆ ನಿಗದಿಯಾದ ಜಾಗಗಳಲ್ಲಿ ಹಾದುಹೋದದ್ದಕ್ಕೆ ಗುರುತು ಹಾಕಿಸಿಕೊಳ್ಳಬೇಕು. ಕೊನೆಗೆ ಫಲಿತಾಂಶದ ಪಟ್ಟಿ ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ಬಿಗೆ ಹೋಗಿ, ಅಲ್ಲಿ ಕ್ರಮಸಂಖ್ಯೆ ಪಡೆದು ಮಾನ್ಯವಾಗುತ್ತದೆ. ಮುಳಬಾಗಿಲಿಗೆ ಹೋಗಿ ಬಂದದ್ದಕ್ಕೆ ಪ್ಯಾರಿಸ್ಸಿನ ಒಪ್ಪಿಗೆ ಏಕೆ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಉತ್ತರಕ್ಕೆ ನೂರು ವರ್ಷಕ್ಕೂ ಹಿಂದೆ ಹೋಗಬೇಕು.

1897ರಲ್ಲಿ ಇಟಲಿಯ ಕೆಲವು ಸವಾರರು ರೋಮಿನಿಂದ ನೇಪಲ್ಸಿಗೆ, ಅಂದರೆ 230 ಕಿಲೋಮೀಟರು, ಒಂದೇ ಹಗಲಿನಲ್ಲಿ ತುಳಿದರು. ‘ಆಡಾಕ್ಸ್’ ಎಂದರೆ ಲ್ಯಾಟಿನ್ನಿನಲ್ಲಿ ಧೈರ್ಯಶಾಲಿ. ಫ್ರಾನ್ಸಿನವರು ಆ ಹೆಸರನ್ನೂ ಹುರುಪನ್ನೂ 1904ರಲ್ಲಿ ಎರವಲು ಪಡೆದರು. ಅದಕ್ಕೂ ಮೊದಲೇ, 1891ರಲ್ಲಿ, ಪ್ಯಾರಿಸ್ಸಿನ ಪತ್ರಿಕೆಯೊಂದು ಪ್ಯಾರಿಸ್ಸಿನಿಂದ ಸಮುದ್ರತೀರದ ಬ್ರೆಸ್ತ್ ಪಟ್ಟಣಕ್ಕೆ ಹೋಗಿ ಮರಳುವ 1200 ಕಿಲೋಮೀಟರಿನ ಓಟವನ್ನು ಏರ್ಪಡಿಸಿತ್ತು. ಶಾರ್ಲ್ ತೆರೋಂ ಎಂಬಾತ ಮೂರು ದಿನದೊಳಗೆ ಅದನ್ನು ಮುಗಿಸಿದ. ಆ ಓಟ ಇಂದು ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಸವಾರಿಯಾಗಿದೆ. ಸೇರಬೇಕೆನ್ನುವವರು ಮೊದಲು ತಮ್ಮ ಊರಿನಲ್ಲೇ ಬ್ರೆವೆಗಳನ್ನು ಪೂರೈಸಬೇಕು. ಬೆಂಗಳೂರಿನ ಸವಾರರ ಕಾರ್ಡಿಗೂ ಪ್ಯಾರಿಸ್ಸಿಗೂ ಇರುವ ನಂಟು ಇದು.

ಆದರೆ ಫ್ರೆಂಚರ ಸೈಕಲ್ ವಿಹಾರದ ಜೀವಾಳ ಈ ದೂರದ ಲೆಕ್ಕದಲ್ಲಿಲ್ಲ. ಅದನ್ನು ತಿಳಿಯಲು ಪಾಲ್ ದ ವಿವಿ ಎಂಬಾತನ ಕಡೆ ನೋಡಬೇಕು. 1853ರಲ್ಲಿ ಹುಟ್ಟಿದ ಈತ ರೇಷ್ಮೆ ವ್ಯಾಪಾರದಲ್ಲಿದ್ದವನು (ಶಿಡ್ಲಘಟ್ಟದ ಓದುಗರು ಗಮನಿಸಬಹುದು). ಸೈಕಲ್ಲಿನ ಹುಚ್ಚು ಹತ್ತಿ ಸೇಂತ್ ಎತಿಯೆನ್ ಪಟ್ಟಣದಲ್ಲಿ ಸೈಕಲ್ ಅಂಗಡಿ ತೆರೆದ, ಪತ್ರಿಕೆ ನಡೆಸಿದ, ‘ವೆಲೋಸಿಯೊ’ ಎಂಬ ಹೆಸರಿನಲ್ಲಿ ಬರೆದ. ಬೆಳಗಾಗುವ ಮುಂಚೆ ಹೊರಟು ಗುಡ್ಡಗಾಡಿನ ಹಳ್ಳಿಗಳಲ್ಲಿ ದಿನವಿಡೀ ತುಳಿಯುವುದು ಅವನ ಕ್ರಮ. ಗುಡ್ಡ ಹತ್ತಲು ಒಂದೇ ಹಲ್ಲುಚಕ್ರ ಸಾಲದು, ಗೇರು ಬೇಕು ಎಂದು ಹಟ ಹಿಡಿದು ವಾದಿಸಿದವನು ಅವನೇ. ಗೇರು ಮುದುಕರಿಗೆ ಸರಿ ಎಂದು ಪಂದ್ಯದವರು ಮೂಗು ಮುರಿದರು. ‘ಟೂರ್ ದ ಫ್ರಾನ್ಸ್’ ಪಂದ್ಯದಲ್ಲಿ ಚೈನು ಜಾರಿಸುವ ಗೇರಿಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಹಸಿವಾಗುವ ಮುಂಚೆ ತಿನ್ನು, ಬಾಯಾರುವ ಮುಂಚೆ ಕುಡಿ, ಹೆಮ್ಮೆಗಾಗಿ ತುಳಿಯಬೇಡ ಎಂಬ ಅವನ ಬುದ್ಧಿವಾದವನ್ನು ಸವಾರರು ಇಂದಿಗೂ ಹೇಳಿಕೊಳ್ಳುತ್ತಾರೆ. 1930ರಲ್ಲಿ ತನ್ನ ಊರಿನ ಬೀದಿಯಲ್ಲೇ, ಬರುತ್ತಿದ್ದ ಕಾರಿನಿಂದ ತಪ್ಪಿಸಿಕೊಳ್ಳಲು ಹಿಂದೆ ಸರಿದು, ಟ್ರಾಮಿಗೆ ಸಿಕ್ಕಿ ಸತ್ತ.

ವೆಲೋಸಿಯೊ ಸತ್ತ ಆರು ವರ್ಷಕ್ಕೆ ಫ್ರಾನ್ಸಿನಲ್ಲಿ ಒಂದು ಕಾನೂನು ಬಂತು. ದುಡಿಯುವವರಿಗೆಲ್ಲ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ. 1936ರ ಆ ಬೇಸಿಗೆಯಲ್ಲಿ ಕಾರ್ಖಾನೆಯ ಗಂಡಹೆಂಡಿರು ಸೈಕಲ್ಲು ಹತ್ತಿ, ಇಬ್ಬರು ಕೂಡಿ ತುಳಿಯುವ ಜೋಡಿ ಸೈಕಲ್ಲೂ ಹತ್ತಿ, ಹಳ್ಳಿಗಾಡಿಗೆ ಹೊರಟರು. ಕೆಲಸಕ್ಕೆ ಒಯ್ಯುತ್ತಿದ್ದ ಸೈಕಲ್ಲೇ ಅವರನ್ನು ವಿಹಾರಕ್ಕೂ ಒಯ್ಯಿತು. ಬೆಂಗಳೂರಿನ ಪೂರ್ವ ಭಾಗದ ಕಥೆ ಬೇರೆಯಾದದ್ದು ಇಲ್ಲಿಯೇ.

1809ರಲ್ಲಿ ನೆಲೆಗೊಂಡ ಕಂಟೋನ್ಮೆಂಟು ಬಹುಕಾಲ ಬೇರೆಯೇ ಊರಾಗಿತ್ತು. ಪೇಟೆಯೊಡನೆ ಒಂದೇ ನಗರಸಭೆಯಡಿ ಸೇರಿದ್ದು 1949ರಲ್ಲಿ. ಅಷ್ಟು ಹೊತ್ತಿಗೆ ಅದರ ಪೂರ್ವಕ್ಕೆ ಕಾರ್ಖಾನೆಗಳ ಸಾಲು ಏಳತೊಡಗಿತ್ತು. 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಯಂತ್ರಗಳ ಐ.ಟಿ.ಐ., 1956ರಲ್ಲಿ ಎನ್.ಜಿ.ಇ.ಎಫ್., 1964ರಲ್ಲಿ ಬಿ.ಇ.ಎಂ.ಎಲ್. ಶಿವಾಜಿನಗರ, ಹಲಸೂರುಗಳ ಸಂದಿಗೊಂದಿಗಳಲ್ಲಿ ಮನೆ ಮಾಡಿದ್ದವರಿಗೆ ಇವೆಲ್ಲ ಎಂಟು ಹತ್ತು ಕಿಲೋಮೀಟರಿನೊಳಗೆ. ಕಾರ್ಖಾನೆ ಬಸ್ಸುಗಳಿದ್ದರೂ ಪಾಳಿ ಬದಲಾಗುವ ಹೊತ್ತಿಗೆ ಗೇಟಿನಿಂದ ಹೊರಬೀಳುತ್ತಿದ್ದದ್ದು ಸೈಕಲ್ಲಿನ ಹೊಳೆ. ಹ್ಯಾಂಡಲ್ಲಿಗೆ ತೂಗುವ ಊಟದ ಡಬ್ಬಿ, ಪ್ಯಾಂಟಿನ ಕಾಲಿಗೆ ಕ್ಲಿಪ್ಪು, ನಗರಸಭೆಯ ಲೈಸೆನ್ಸಿನ ಲೋಹದ ಬಿಲ್ಲೆ. ದೀಪವಿಲ್ಲದೆ ಹೋದರೆ, ಇಬ್ಬರು ಕೂತು ಹೋದರೆ, ಪೊಲೀಸರು ಹಿಡಿಯುತ್ತಿದ್ದರು. ರಾತ್ರಿ ಪಾಳಿಯವರ ಡೈನಮೋ ಚಕ್ರಕ್ಕೆ ಉಜ್ಜಿ ಗುಂಯ್ ಎನ್ನುತ್ತಿದ್ದ ಸದ್ದು ಆ ಬೀದಿಗಳ ಹಳಬರಿಗೆ ಮರೆತಿರಲಾರದು.

ಈ ಸೈಕಲ್ಲು ವಿಹಾರಕ್ಕೇಕೆ ಹೊರಡಲಿಲ್ಲ? ಒಂಟಿ ಗೇರಿನ, ಇಪ್ಪತ್ತು ಕಿಲೋ ತೂಗುವ ಗಾಡಿ ಎಂಬುದು ಒಂದು ಕಾರಣ. ಆದರೆ ದೊಡ್ಡ ಕಾರಣವಲ್ಲ. 1923ರಲ್ಲಿ ಮುಂಬಯಿಯಿಂದ ಹೊರಟ ಪಾರ್ಸಿ ಯುವಕರಲ್ಲಿ ಮೂವರು ಅಂಥ ಸೈಕಲ್ಲಿನಲ್ಲೇ ಜಗತ್ತನ್ನು ಸುತ್ತಿ 1928ರಲ್ಲಿ ಮರಳಿದ್ದರು. ನಿಜವಾದ ಕಾರಣ ರಜೆಯ ಬಗೆಗಿನ ನಮ್ಮ ಕಲ್ಪನೆ. ರಜೆ ಎಂದರೆ ಊರಿಗೆ ಹೋಗುವುದು. ಹಬ್ಬಕ್ಕೆ, ಮದುವೆಗೆ, ಸುಗ್ಗಿಗೆ ಹೋಗಬೇಕು. ಗೊತ್ತಿಲ್ಲದ ಹಳ್ಳಿಯನ್ನು ಸುಮ್ಮನೆ ನೋಡಿ ಬರುವುದೆಂದರೆ ಹಿರಿಯರಿಗೆ ಕೆಲಸವಿಲ್ಲದವರ ಮಾತು. ಸುತ್ತಲ ಹಳ್ಳಿಗಳಿಂದ ಬಂದು ಕಾರ್ಖಾನೆ ಸೇರಿದ್ದವರಲ್ಲಿ ಭಾನುವಾರ ಊರಿಗೆ ತುಳಿದುಕೊಂಡು ಹೋಗಿ, ಸಂಜೆ ಕ್ಯಾರಿಯರ್ ಮೇಲೆ ರಾಗಿಯ ಚೀಲ ಹೇರಿಕೊಂಡು ಬರುತ್ತಿದ್ದವರೂ ಇದ್ದರು. ಐವತ್ತು ಅರವತ್ತು ಕಿಲೋಮೀಟರಿನ ಆ ಸವಾರಿಗೆ ಯಾವ ಕಾರ್ಡಿನ ಮೇಲೂ ಮುದ್ರೆ ಬೀಳಲಿಲ್ಲ, ಅವರದನ್ನು ವಿಹಾರವೆಂದು ಕರೆಯಲೂ ಇಲ್ಲ.

ಮೊಪೆಡ್ಡು, ಸ್ಕೂಟರು ಕೈಗೆಟುಕಿದ ಕೂಡಲೇ ಸೈಕಲ್ಲು ಮನೆಯ ಗೋಡೆಗೆ ಒರಗಿತು. ಎನ್.ಜಿ.ಇ.ಎಫ್. 2002ರಲ್ಲಿ ಮುಚ್ಚಿತು. ಮರುವರ್ಷ ಕೃಷ್ಣರಾಜಪುರದ ತೂಗುಸೇತುವೆ ತೆರೆಯಿತು; ಹೊರವರ್ತುಲ ರಸ್ತೆಯ ಕಚೇರಿಗಳತ್ತ ಕಾರುಗಳು ನುಗ್ಗಿದವು. 2008ರಿಂದ ಬೆಂಗಳೂರಿನಿಂದ ನೀಲಗಿರಿಗೆ ಹೊರಡುವ ಸೈಕಲ್ ಯಾತ್ರೆ ಶುರುವಾಯಿತು, ಅದರ ಹಿಂದೆಯೇ ಬ್ರೆವೆಗಳು ಬಂದವು. ಹೀಗೆ ವಿಹಾರ ಬಂದದ್ದು ಬೇರೆ ಜನರ ಮೂಲಕ, ಬೇರೆ ಸೈಕಲ್ಲಿನ ಮೇಲೆ. ಕೆಲಸಕ್ಕೆ ತುಳಿಯುವವರ ಪಾಡು ಮಾತ್ರ ಕೆಟ್ಟಿತು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೃಷ್ಣರಾಜಪುರದ ಕಡೆಗೆ ಕಂಬ ನೆಟ್ಟು ಒಂದು ಸೈಕಲ್ ಪಥ ಮಾಡಲಾಯಿತು. ಮೆಟ್ರೊ ಕಾಮಗಾರಿಯ ನಡುವೆ ಅದು ಉಳಿಯಲಿಲ್ಲ. ಫ್ರಾನ್ಸಿನಲ್ಲಿ ರೈಲು ನಿಂತುಹೋದ ಹಳಿಗಳ ಜಾಗವನ್ನೂ, ಕಾಲುವೆಯ ದಡದಲ್ಲಿ ದೋಣಿ ಎಳೆಯುವ ಕುದುರೆಗಳು ನಡೆದ ದಾರಿಯನ್ನೂ ಸೈಕಲ್ಲಿಗೆ ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ಅಂಚೆಯವನೂ ವಿಹಾರಿಯೂ ಒಂದೇ ದಾರಿಯಲ್ಲಿ ಹೋಗಬಹುದು.

ಇಷ್ಟರ ನಡುವೆಯೂ ಪೂರ್ವದ ದಾರಿಯ ಒಂದು ದಿನದ ಸವಾರಿ ಸೊಗಸಾದದ್ದು. ಹಲಸೂರು ಕೆರೆ ಬಿಟ್ಟು ಇಂದಿರಾನಗರದ ಅಂಚು, ಬೈಯಪ್ಪನಹಳ್ಳಿ, ಟಿನ್ ಫ್ಯಾಕ್ಟರಿ ದಾಟುವ ಹೊತ್ತಿಗೆ ಇನ್ನೂ ಕತ್ತಲೆ. ಭಟ್ಟರಹಳ್ಳಿಯಾಚೆ ಬೆಳಕು ಹರಿಯುತ್ತದೆ. ಹೊಸಕೋಟೆಯಲ್ಲಿ ಬೆಳಗಿನ ಜಾವಕ್ಕೇ ದಮ್ ಬಿರಿಯಾನಿಯ ಹಂಡೆ ತೆರೆಯುತ್ತದೆ, ಅದಕ್ಕಾಗಿಯೇ ತುಳಿಯುವವರೂ ಉಂಟು. ಊರಿಗಂಟಿದ ದೊಡ್ಡ ಕೆರೆ ತುಂಬಿದ್ದ ವರ್ಷ ಅಲ್ಲಿ ನಿಲ್ಲದೆ ಹೋಗುವವರು ಕಡಿಮೆ. ಮುಂದೆ ನರಸಾಪುರ, ಕೋಲಾರ. ಎಡಕ್ಕೆ ಅಂತರಗಂಗೆಯ ಬಂಡೆಬೆಟ್ಟ. ಬಿಸಿಲು ಏರುವ ಮೊದಲು ಮುಳಬಾಗಿಲು ಮುಟ್ಟಿ ದೋಸೆ ತಿಂದರೆ ಅರ್ಧ ದಾರಿ ಮುಗಿದಂತೆ. ಹೋಗಿ ಬರುವ ಲೆಕ್ಕ ಸುಮಾರು 190 ಕಿಲೋಮೀಟರು.

ಕಷ್ಟವಿರುವುದು ಬಂಡೆಬೆಟ್ಟದ ಬಳಿಯಲ್ಲಲ್ಲ. ಬ್ರೆವೆಯ ಲೆಕ್ಕದಲ್ಲಿ ಗಂಟೆಗೆ ಹದಿನೈದು ಕಿಲೋಮೀಟರು ಸಾಗಿದರೆ ಸಾಕು. ಹೆದ್ದಾರಿಯಲ್ಲಿ ಅದು ಸುಲಭ, ಸಂಜೆಯ ಕೃಷ್ಣರಾಜಪುರದಲ್ಲಿ ಮಾತ್ರ ಅಲ್ಲ. ತೂಗುಸೇತುವೆಯ ಕೆಳಗೆ ಬಸ್ಸು, ಆಟೊ, ಲಾರಿಗಳ ನಡುವೆ ಸೈಕಲ್ಲನ್ನು ಕೈಯಲ್ಲಿ ತಳ್ಳಿಕೊಂಡೇ ನಡೆಯಬೇಕಾಗುತ್ತದೆ. ಅನುಭವವಿದ್ದವರು ಈ ಕೊನೆಯ ಹತ್ತು ಕಿಲೋಮೀಟರಿಗೆಂದು ಮುಳಬಾಗಿಲಿನಲ್ಲೇ ಒಂದು ಗಂಟೆ ಉಳಿಸಿಟ್ಟುಕೊಂಡು ಹೊರಡುತ್ತಾರೆ.