ಅಂಗಡಿಯ ಕಂಪ್ಯೂಟರೂ ಯಜಮಾನನ ಕಣ್ಣೂ

ಆಳಂದ, ಅಫಜಲಪುರ, ಜೇವರ್ಗಿ ಎಂಬ ಈ ಮೂರು ತಾಲ್ಲೂಕುಗಳು ತೊಗರಿಯ ಸೀಮೆ. ನಮ್ಮ ಬಾಲ್ಯದಲ್ಲಿ ಇಲ್ಲಿಯ ಅಡತಿ ಅಂಗಡಿಗಳ ಮುನೀಮರು ಗಾದಿಯ ಮೇಲೆ ಕುಳಿತು ಕೀರ್ದಿ ಖತಾವಣಿಗಳನ್ನು ಬರೆಯುತ್ತಿದ್ದರು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದ ಮೇಲಂತೂ ವಹಿಯ ಸ್ಥಾನಕ್ಕೆ ಕಂಪ್ಯೂಟರು ಬಂದು ಕುಳಿತಿತು. ವಹಿಯಲ್ಲಿ ತಿದ್ದಿದರೆ ಮಸಿಯ ಗುರುತು ಉಳಿಯುತ್ತಿತ್ತು. ಪರದೆಯ ಮೇಲೆ ತಿದ್ದಿದ್ದು ಯಜಮಾನನ ಕಣ್ಣಿಗೆ ಕಾಣದು. ಕಾಣದ ಸ್ಥಳದಲ್ಲಿ ಸಂಶಯವು ಹುಟ್ಟುವುದು ಸಹಜ.

ನಮ್ಮ ಶಿಷ್ಯನೊಬ್ಬನು ಈ ಭಾಗದಲ್ಲಿಯೇ ಅಡತಿ ವ್ಯಾಪಾರಿಯಾಗಿದ್ದಾನೆ. ಒಂದು ಸುಗ್ಗಿಯಲ್ಲಿ ಅವನ ಚೀಲಗಳ ಲೆಕ್ಕಕ್ಕೂ ಪಟ್ಟಿಗಳಿಗೂ ತಾಳೆಯಾಗಲಿಲ್ಲ. ಹನ್ನೆರಡು ವರ್ಷ ದುಡಿದ ಗುಮಾಸ್ತನ ಮೇಲೆ ಅವನಿಗೆ ಸಂದೇಹ ಬಂದಿತು. ಯಾರಿಗೂ ತಿಳಿಸದೆ, ಪರದೆಯ ಚಿತ್ರವನ್ನು ಕ್ಷಣಕ್ಷಣಕ್ಕೂ ತೆಗೆಯುವ, ಒತ್ತಿದ ಅಕ್ಷರಗಳನ್ನೆಲ್ಲ ಬರೆದಿಡುವ ತಂತ್ರಾಂಶವೊಂದನ್ನು ಕಂಪ್ಯೂಟರಿನಲ್ಲಿ ಹಾಕಿಸಿದನು. ಕೆಲವು ದಿನಗಳ ತರುವಾಯ ನಮ್ಮ ಮನೆಗೆ ಬಂದು ತಲೆತಗ್ಗಿಸಿ ಕುಳಿತನು. “ಗುರುಗಳೇ, ನೋಡಬಾರದ್ದು ನೋಡೀನ್ರಿ. ಈಗ ಅವನ ಮಾರಿ ನೋಡಾಕ ಆಗವಲ್ದು” ಎಂದನು. ಕಳವು ಸಿಕ್ಕಿರಲಿಲ್ಲ, ಸಿಕ್ಕಿದ್ದು ಗುಮಾಸ್ತನು ತನ್ನ ಹೆಂಡತಿಯ ಕಾಯಿಲೆಯ ವಿಷಯವಾಗಿ ಆಸ್ಪತ್ರೆಗೆ ಬರೆದ ಪತ್ರ, ಮತ್ತು ಅವನ ಬ್ಯಾಂಕಿನ ಗುಪ್ತಪದ. ಲೆಕ್ಕ ತಪ್ಪಿದ್ದಾದರೂ ಹೇಗೆ? ಅಂಗಡಿಯ ಮೂವರೂ ಒಂದೇ ಹೆಸರು, ಒಂದೇ ಗುಪ್ತಪದದಿಂದ ಕೆಲಸ ಮಾಡುತ್ತಿದ್ದರು; ತೂಕದ ಕಡಿತವನ್ನು ತಿದ್ದಿದವನು ಯಜಮಾನನ ಸ್ವಂತ ಮಗನೇ!

ಯಜಮಾನನು ಎಚ್ಚರವಾಗಿರಬಾರದೆಂದು ನಾವು ಹೇಳುವುದಿಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಧಿಕಾರಿಗಳು ದ್ರವ್ಯವನ್ನು ಅಪಹರಿಸುವ ನಲವತ್ತು ಬಗೆಗಳು ಎಣಿಸಲ್ಪಟ್ಟಿವೆ. ಆದರೆ ದೂರನ್ನು ಸ್ಥಾಪಿಸಲಾರದ ಸೂಚಕನಿಗೂ ಅಲ್ಲಿಯೇ ದಂಡನೆ ವಿಧಿಸಿದೆ. ಸಂಶಯಿಸುವವನೂ ಉತ್ತರವಾದಿಯೆಂಬುದು ಇದರಿಂದ ನಾವು ಗ್ರಹಿಸಬೇಕಾದ ನೀತಿ.

ಇಂದಿನ ನ್ಯಾಯವೂ ಇದೇ ದಾರಿಯಲ್ಲಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು, ರುಮೇನಿಯದ ನೌಕರನೊಬ್ಬನ ಸಂದೇಶಗಳನ್ನು ಧಣಿಗಳು ಓದಿದ ಪ್ರಕರಣದಲ್ಲಿ, ಮುನ್ಸೂಚನೆಯನ್ನು ಕೊಟ್ಟಿದ್ದರೇ ಎಂಬುದನ್ನು ಮುಖ್ಯ ಪ್ರಶ್ನೆಯಾಗಿ ಎತ್ತಿಕೊಂಡಿತು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಧಣಿಯು ನಷ್ಟದಿಂದ ತನ್ನನ್ನು ರಕ್ಷಿಸಿಕೊಳ್ಳಲು ನೌಕರನ ಮಾಹಿತಿಯನ್ನು ಬಳಸುವುದಕ್ಕೆ ಆಸ್ಪದವನ್ನಿತ್ತಿದೆ. ಆದರೆ ಹಾಗೆ ಕೂಡಿಸಿದ ಮಾಹಿತಿಯನ್ನು ಜೋಪಾನ ಮಾಡುವ ಹೊಣೆಯನ್ನೂ ಹೊರಿಸಿದೆ.

ಹಾಗಾದರೆ ಸಣ್ಣ ವ್ಯಾಪಾರಿಯು ಮಾಡತಕ್ಕದ್ದೇನು? ಮೊದಲನೆಯದಾಗಿ, ಅಂಗಡಿಯಲ್ಲಿ ಪ್ರತಿಯೊಬ್ಬನಿಗೂ ಬೇರೆ ಹೆಸರು, ಬೇರೆ ಗುಪ್ತಪದವಿರಲಿ. ಯಜಮಾನನ ಮಗನೂ ಇದಕ್ಕೆ ಹೊರತಲ್ಲ. ಎರಡನೆಯದಾಗಿ, ಯಾರು, ಯಾವಾಗ, ಏನನ್ನು ತಿದ್ದಿದರೆಂಬುದನ್ನು ತಾನಾಗಿಯೇ ಬರೆದಿಡುವ ಲೆಕ್ಕದ ತಂತ್ರಾಂಶವನ್ನು ಬಳಸಲಿ. ನೋಂದಾಯಿತ ಕಂಪನಿಗಳಿಗೆ ಇದು 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. ಒಡೆತನದ ಅಂಗಡಿಗೆ ಕಡ್ಡಾಯವಲ್ಲದಿದ್ದರೂ ಹಿತಕರ. ಇದು ಲೆಕ್ಕವನ್ನು ಕಾಯುವುದೇ ಹೊರತು ಮನುಷ್ಯನ ಬೆನ್ನು ಹತ್ತುವುದಿಲ್ಲ. ಮೂರನೆಯದಾಗಿ, ಏನನ್ನು ನೋಡುವೆವು, ಯಾರು ನೋಡುವರು, ಎಷ್ಟು ದಿನ ಇಡುವೆವು ಎಂಬುದನ್ನು ಕನ್ನಡದಲ್ಲಿ ಬರೆದು, ಓದಿ ಹೇಳಿ, ನೌಕರನ ಸಹಿ ಪಡೆಯಲಿ. ಒತ್ತಿದ ಅಕ್ಷರಗಳನ್ನೆಲ್ಲ ಕದ್ದು ಬರೆದಿಡುವ ಯಂತ್ರವನ್ನು ಸರ್ವಥಾ ಇಡಕೂಡದು.

ಶಿಷ್ಯನು ನಮ್ಮ ಮಾತಿನಂತೆ ತಂತ್ರಾಂಶವನ್ನು ತೆಗೆಸಿ, ಗುಮಾಸ್ತನನ್ನು ಕರೆದು ನಡೆದುದನ್ನೆಲ್ಲ ಒಪ್ಪಿಕೊಂಡನು. ಆತನು ಬಹಳ ಹೊತ್ತು ಸುಮ್ಮನಿದ್ದು, “ನನಗ ಒಂದ್ ಮಾತು ಕೇಳಿದ್ರ ನಾನೇ ಹೇಳ್ತಿದ್ದೆ, ಸಾಹುಕಾರ್ರ” ಎಂದಷ್ಟೇ ನುಡಿದನಂತೆ. ಸುಗ್ಗಿ ಮುಗಿಯುವವರೆಗೆ ನಿಂತು, ಲೆಕ್ಕವನ್ನೆಲ್ಲ ಪೈಸೆಗೆ ಪೈಸೆ ಒಪ್ಪಿಸಿ, ಬೇರೆ ಅಂಗಡಿಗೆ ಹೊರಟುಹೋದನು. ಚೀಲಗಳ ಲೆಕ್ಕವು ಒಂದು ಸಂಜೆಯಲ್ಲಿ ಸರಿಹೋಗಿತ್ತು. ಹನ್ನೆರಡು ವರ್ಷಗಳ ವಿಶ್ವಾಸವು ಮಾತ್ರ ಮರಳಿ ಬರಲಿಲ್ಲ.