ವ್ಯಾಗನ್ ಮಗುಚುವ ಯಂತ್ರ ಎಲ್ಲಿರಬೇಕು?

ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಎಂಟೂ ಘಟಕಗಳು ಪೂರ್ತಿ ಓಡಿದರೆ ಸಿಗುವುದು 1,720 ಮೆಗಾವಾಟ್. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಎಂದು ಹಿಡಿದರೆ, ದಿನವೊಂದಕ್ಕೆ ಬೇಕಾಗುವುದು ಹತ್ತಿರಹತ್ತಿರ 29 ಸಾವಿರ ಟನ್. ಸರಕು ಸಾಗಿಸುವ ಒಂದು ರೇಕ್, ಅಂದರೆ ಐವತ್ತೆಂಟೋ ಐವತ್ತೊಂಬತ್ತೋ ವ್ಯಾಗನ್‌ಗಳ ಒಂದು ಗಾಡಿ, ಹೊತ್ತು ತರುವುದು 3,500ರಿಂದ 4,000 ಟನ್. ಹಾಗಾಗಿ ಬೆಳಗು ಬೈಗೆನ್ನದೆ ಏಳೆಂಟು ರೇಕ್‌ಗಳು ಬರಬೇಕು, ಬಂದದ್ದು ಖಾಲಿಯಾಗಬೇಕು, ಖಾಲಿಯಾದದ್ದು ಗಣಿಗೆ ಹಿಂತಿರುಗಬೇಕು. ಕಲ್ಲಿದ್ದಲಿನ ಕೊರತೆ ಎಂದಾಗ ನಾವು ಗಣಿಯನ್ನು ನೆನೆಯುತ್ತೇವೆ, ರೈಲಿನ ದಾರಿಯನ್ನು ನೆನೆಯುತ್ತೇವೆ. ಬಂದ ವ್ಯಾಗನ್ ಎಷ್ಟು ಹೊತ್ತಿನಲ್ಲಿ ಬರಿದಾಯಿತು ಎಂದು ಕೇಳುವವರು ಕಡಿಮೆ. ಖಾಲಿಯಾಗದೆ ನಿಂತ ವ್ಯಾಗನ್ ಮುಂದಿನ ಲೋಡಿಗೆ ಇಲ್ಲದ ವ್ಯಾಗನ್. ಗಣಿಯ ಬಾಯಲ್ಲಿ ಕಲ್ಲಿದ್ದಲು ಗುಡ್ಡವಾಗಿ ಬಿದ್ದಿದ್ದರೂ ಅದನ್ನು ತರುವವರಿಲ್ಲ.

ವ್ಯಾಗನ್ನನ್ನು ಬರಿದು ಮಾಡಲು ಮನುಷ್ಯ ಕಂಡುಕೊಂಡ ದಾರಿಗಳು ಹಲವು. ಎತ್ತು ಬಿಚ್ಚಿ, ನೊಗ ಮೇಲೆತ್ತಿ ಗೊಬ್ಬರದ ಗಾಡಿಯನ್ನು ಹಿಂದಕ್ಕೆ ಮಗುಚುವ ರೈತನಿಗೆ ಇದರ ತಿರುಳು ಚೆನ್ನಾಗಿ ಗೊತ್ತು: ಸರಕನ್ನು ಎತ್ತಬೇಡ, ಅದು ನಿಂತ ನೆಲವನ್ನು ವಾಲಿಸು, ಉಳಿದದ್ದನ್ನು ಅದರ ಭಾರವೇ ಮಾಡುತ್ತದೆ. ರೈಲಿನಲ್ಲಿ ಎದ್ದ ಪ್ರಶ್ನೆ ಬೇರೆ. ವಾಲಿಸುವ ಯಂತ್ರವನ್ನು ಪ್ರತಿ ವ್ಯಾಗನ್‌ಗೂ ಕಟ್ಟಿ ಊರೂರಿಗೆ ಹೊರಿಸಿಕೊಂಡು ಹೋಗಬೇಕೇ, ಅಥವಾ ಸರಕು ಇಳಿಯುವ ಜಾಗದಲ್ಲಿ ನೆಲಕ್ಕೆ ನೆಟ್ಟು, ವ್ಯಾಗನ್ನನ್ನು ಬರಿಯ ಪೆಟ್ಟಿಗೆಯಾಗಿ ಬಿಡಬೇಕೇ? ಯಾವುದು ಬೇಗ ಸುರಿಯುತ್ತದೆ ಎಂಬ ಒಂದೇ ಅಳತೆಯಿಂದ ಇದನ್ನು ತೀರ್ಮಾನಿಸುವುದು ನಮ್ಮಲ್ಲಿ ರೂಢಿ. ಆ ಅಳತೆ ಸಾಲದು ಎಂಬುದು ನನ್ನ ವಾದ. ಸುರಿಯುವ ಜಾಗ ದಿನದಿನಕ್ಕೆ ಸರಿಯುತ್ತಿದ್ದರೆ ಯಂತ್ರ ಗಾಡಿಯ ಜೊತೆಗೇ ಹೋಗಬೇಕು. ಜಾಗ ಕದಲದೆ ಇದ್ದು, ವ್ಯಾಗನ್ ಮಾತ್ರ ಇಂದು ಇಲ್ಲಿ ನಾಳೆ ಇನ್ನೆಲ್ಲೋ ತಿರುಗುವುದಾದರೆ ಯಂತ್ರ ನೆಲದ ಮೇಲಿರಬೇಕು. ಭಾರತದ ಸರಕು ಸಾಗಣೆಯ ಬಹುಪಾಲು ಈ ಎರಡನೆಯ ಬಗೆಯದು.

ಜಾಗ ಸರಿಯುವುದೆಂದರೇನು ಎಂಬುದನ್ನು ಪನಾಮಾ ಕಾಲುವೆಯಷ್ಟು ಸ್ಪಷ್ಟವಾಗಿ ತೋರಿಸಿದ ಕೆಲಸ ಇನ್ನೊಂದಿಲ್ಲ. ಅಮೆರಿಕನ್ನರು 1904ರಲ್ಲಿ ಅದನ್ನು ಕೈಗೆತ್ತಿಕೊಂಡಾಗ, ಅಗೆಯುವುದಕ್ಕಿಂತ ಅಗೆದದ್ದನ್ನು ಸಾಗಿಸುವುದೇ ಕಷ್ಟ ಎಂದು ಕಂಡುಕೊಂಡವನು 1905ರಲ್ಲಿ ಮುಖ್ಯ ಎಂಜಿನಿಯರಾಗಿ ಬಂದ ಜಾನ್ ಸ್ಟೀವನ್ಸ್. ಅವನು ಮೂಲತಃ ರೈಲ್ವೆಯ ಮನುಷ್ಯ. ಕುಲೆಬ್ರಾ ಕಣಿವೆಯಿಂದ ಬಂದ ಮಣ್ಣು, ಬಂಡೆ ಬೀಳುತ್ತಿದ್ದದ್ದು ಅಣೆಕಟ್ಟಿನ ಏರಿಯ ಮೇಲೆ, ಸಮುದ್ರದೊಳಕ್ಕೆ ಚಾಚಿದ ತಡೆಗೋಡೆಯ ತುದಿಯಲ್ಲಿ, ಕಾಡಿನ ತಗ್ಗುಗಳಲ್ಲಿ. ಸುರಿದಷ್ಟೂ ಅಂಚು ಮುಂದಕ್ಕೆ ಹೋಗುತ್ತಿತ್ತು, ಅದರ ಹಿಂದೆಯೇ ಹಳಿಯನ್ನೂ ಎತ್ತಿ ಸರಿಸಬೇಕಿತ್ತು. ಇಂಥ ಕಡೆ ನೆಲಕ್ಕೆ ನೆಟ್ಟ ಯಂತ್ರಕ್ಕೆ ಅರ್ಥವೇ ಇಲ್ಲ. ಅಲ್ಲಿ ಪಕ್ಕಕ್ಕೆ ವಾಲುವ ವೆಸ್ಟರ್ನ್ ಮತ್ತು ಆಲಿವರ್ ಡಂಪ್ ಗಾಡಿಗಳಿದ್ದವು. ಆದರೂ ಹೆಚ್ಚಿನ ಹೊರೆ ಹೊತ್ತದ್ದು ಲಿಡ್ಜರ್‌ವುಡ್ ಎಂಬ ಇನ್ನೊಂದು ವ್ಯವಸ್ಥೆ. ಒಂದೇ ಬದಿಗೆ ಹಲಗೆಯಿದ್ದ ಚಪ್ಪಟೆ ಗಾಡಿಗಳ ಸಾಲು, ಗಾಡಿಗಾಡಿಯ ನಡುವಿನ ಸಂದು ಮುಚ್ಚಲು ಉಕ್ಕಿನ ತಗಡು, ಹಿಂದಿನ ತುದಿಯಲ್ಲಿ ಟನ್‌ಗಟ್ಟಲೆ ತೂಗುವ ಕಬ್ಬಿಣದ ನೇಗಿಲು, ಮುಂದಿನ ತುದಿಯಲ್ಲಿ ಎಂಜಿನ್ನಿನ ಉಗಿಯಿಂದಲೇ ತಿರುಗುವ ರಾಟೆ. ರಾಟೆ ಉಕ್ಕಿನ ಹಗ್ಗವನ್ನು ಸುತ್ತಿಕೊಳ್ಳುತ್ತಿದ್ದಂತೆ ನೇಗಿಲು ಗಾಡಿಯಿಂದ ಗಾಡಿಗೆ ದಾಟುತ್ತ, ಇಡೀ ರೈಲಿನ ಮಣ್ಣನ್ನು ತೆರೆದ ಬದಿಗೆ ಬಳಿದು ಹಾಕುತ್ತಿತ್ತು. ಇಪ್ಪತ್ತು ಗಾಡಿ ಖಾಲಿಯಾಗಲು ಹತ್ತು ನಿಮಿಷ ಸಾಕಿತ್ತು. ಇಂಥ ಇಪ್ಪತ್ತು ಯಂತ್ರಗಳನ್ನು ನಡೆಸುವ 120 ಮಂದಿ, ಸಲಿಕೆ ಹಿಡಿದ 5,666 ಮಂದಿಯ ಕೆಲಸ ಮಾಡುತ್ತಿದ್ದರೆಂಬುದು ಆ ಕಾಲದ ಲೆಕ್ಕ. ವಾಲುವ ಗಾಡಿ ಕೈಯಲ್ಲಿದ್ದೂ ನೇಗಿಲನ್ನು ಮುಂದಿಟ್ಟುಕೊಳ್ಳಲು ಒಂದು ಕಾರಣ ಪನಾಮಾದ ಜೇಡಿ. ಮಳೆಯಲ್ಲಿ ನೆಂದ ಆ ಮಣ್ಣು ಗಾಡಿ ಎಷ್ಟು ವಾಲಿದರೂ ತಳ ಬಿಡುತ್ತಿರಲಿಲ್ಲ, ಕೆರೆದೇ ತೆಗೆಯಬೇಕಿತ್ತು.

ಮುಂದೆ ಗಣಿಗಳಲ್ಲಿ ನೆಲೆಯೂರಿದ ಡಂಪ್ ಕಾರುಗಳದು ಇನ್ನೂ ಜಾಣ ರಚನೆ. ಪೆಟ್ಟಿಗೆ ಗಾಡಿಯ ಚೌಕಟ್ಟಿನ ಮೇಲೆ ತಿರುಗಣಿಗಳ ಆಧಾರದಲ್ಲಿ ಕೂತಿರುತ್ತದೆ. ತಳದಡಿ ಎರಡೂ ಬದಿಗೆ ಗಾಳಿಯ ಸಿಲಿಂಡರ್‌ಗಳು. ಎಂಜಿನ್ನಿನಿಂದ ಬ್ರೇಕಿನ ಪೈಪಿನ ಜೊತೆಗೆ ಇನ್ನೊಂದು ಪೈಪು ಸಾಲಿನುದ್ದಕ್ಕೂ ಹೋಗಿ ಒತ್ತಡದ ಗಾಳಿ ಒದಗಿಸುತ್ತದೆ. ಒಂದು ಬದಿಯ ಸಿಲಿಂಡರ್‌ಗೆ ಗಾಳಿ ಬಿಟ್ಟರೆ ಪೆಟ್ಟಿಗೆ ಎದುರು ಬದಿಗೆ 45 ಡಿಗ್ರಿಯಷ್ಟು ವಾಲುತ್ತದೆ, ವಾಲುತ್ತಿದ್ದಂತೆ ಆ ಬದಿಯ ಗೋಡೆ ಸನ್ನೆಗೋಲುಗಳ ಎಳೆತಕ್ಕೆ ತಾನಾಗಿ ಕೆಳಕ್ಕೆ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಗೋಡೆ ಸುಮ್ಮನೆ ನೇತಾಡುವಂತಿದ್ದರೆ ಬಂಡೆಗಳು ಹಳಿಯ ಬುಡಕ್ಕೇ ಬಿದ್ದು ಚಕ್ರಕ್ಕೆ ಅಡ್ಡವಾಗುತ್ತವೆ. ಅದಕ್ಕೇ ಬಿಚ್ಚಿಕೊಂಡ ಗೋಡೆ ವಾಲಿದ ತಳಕ್ಕೆ ಸರಿಸಮನಾಗಿ ನಿಲ್ಲುವಂತೆ, ಅದನ್ನೇ ಉದ್ದ ಮಾಡಿದಂತೆ ಕೀಲಿಸಿರುತ್ತಾರೆ. ಹೊರೆ ಹಳಿಯಿಂದ ದೂರಕ್ಕೆ ಜಾರಿ ಬೀಳುತ್ತದೆ. ಸೋವಿಯತ್ ಒಕ್ಕೂಟದ ತೆರೆದ ಗಣಿಗಳಿಗಾಗಿ ಹೀಗೆ ವಾಲುವ ಗಾಡಿಗಳನ್ನು 60 ಟನ್, 105 ಟನ್ ಹೊರುವಷ್ಟು ದೊಡ್ಡದಾಗಿ ಕಟ್ಟಿದರು. ಅಪಾಯವೂ ಈ ರಚನೆಯೊಳಗೇ ಇದೆ. ಹೊರೆ ಜಾರದೆ ಅಂಚಿನಲ್ಲಿ ಕಚ್ಚಿಕೊಂಡರೆ ಎಲ್ಲ ಭಾರ ಒಂದೇ ಹಳಿಯ ಮೇಲೆ ಬೀಳುತ್ತದೆ, ಹೊಸ ಮಣ್ಣಿನ ಮೇಲೆ ಹಾಸಿದ ಹಳಿ ಕುಸಿದರೆ ಗಾಡಿಯೇ ಉರುಳುತ್ತದೆ. ಅಷ್ಟಾದರೂ ದಿನಾ ಸರಿಯುವ ಗಣಿಯಂಚಿಗೆ ಇದು ತಕ್ಕ ಗಾಡಿ. ನಮ್ಮ ರೈಲ್ವೆಯೂ ಹಳಿಗೆ ಜಲ್ಲಿ ಹಾಸುವಾಗ ಇದೇ ನ್ಯಾಯ ಅನುಸರಿಸುತ್ತದೆ: ಜಲ್ಲಿಯ ಹಾಪರ್ ವ್ಯಾಗನ್ ನಿಧಾನಕ್ಕೆ ಸಾಗುತ್ತಲೇ ತನ್ನ ಬಾಗಿಲಿನಿಂದ ಹಳಿಯುದ್ದಕ್ಕೂ ಕಲ್ಲು ಚೆಲ್ಲಿಕೊಂಡು ಹೋಗುತ್ತದೆ.

ಇನ್ನು ನೆಲಕ್ಕೆ ನೆಟ್ಟ ಯಂತ್ರ. ವಿದ್ಯುತ್ ಕೇಂದ್ರದಲ್ಲಿ, ಉಕ್ಕಿನ ಕಾರ್ಖಾನೆಯಲ್ಲಿ, ಬಂದರಿನಲ್ಲಿ ಎಲ್ಲರೂ ಟಿಪ್ಲರ್ ಎನ್ನುವುದು ಇದಕ್ಕೇ. ಹಳಿಯ ಪಕ್ಕದಲ್ಲಿ ಓಡಾಡುವ ಉಕ್ಕಿನ ತೋಳೊಂದು ರೇಕನ್ನು ಎಳೆದು ತಂದು, ಕೊಂಡಿ ಕಳಚಿದ ಒಂದು ವ್ಯಾಗನ್ನನ್ನು ಟಿಪ್ಲರಿನ ಮೇಜಿನ ಮೇಲೆ ನಿಲ್ಲಿಸುತ್ತದೆ. ಆ ಮೇಜಿನ ಮೇಲೂ ಹಳಿಯ ತುಂಡು ಇರುತ್ತದೆ. ವ್ಯಾಗನ್ನಿನ ಒಂದು ಬದಿ ಉದ್ದನೆಯ ತೊಲೆಗೆ ಒರಗುತ್ತದೆ, ಮೇಲಿನಿಂದ ಕೊಕ್ಕೆಗಳು ಇಳಿದು ಅಂಚನ್ನು ಹಿಡಿಯುತ್ತವೆ. ಬಳಿಕ ಹಳಿ, ಚಕ್ರ, ವ್ಯಾಗನ್, ಕಲ್ಲಿದ್ದಲು ಎಲ್ಲ ಸೇರಿ ಮೇಲೇಳುತ್ತ ತಿರುಗುತ್ತದೆ. ಮೊದಲು ಮೇಲಿನ ಪುಡಿ ಉದುರುತ್ತದೆ, ಇನ್ನಷ್ಟು ವಾಲಿದ ಮೇಲೆ ಒಡಲೇ ಕಳಚಿದಂತೆ ಇಡೀ ಹೊರೆ ಜಾರುತ್ತದೆ, ವ್ಯಾಗನ್ ಹೆಚ್ಚುಕಡಿಮೆ ತಲೆಕೆಳಗಾದಾಗ ಮೂಲೆಯಲ್ಲಿದ್ದದ್ದೂ ಬೀಳುತ್ತದೆ. ಕೆಳಗಿನ ಉಕ್ಕಿನ ಜಾಲರಿ ದೊಡ್ಡ ಹೆಂಟೆಗಳನ್ನು ತಡೆದು ಉಳಿದದ್ದನ್ನು ನೆಲದಡಿಯ ಹಾಪರಿಗೆ ಬಿಡುತ್ತದೆ. ಸುತ್ತ ನೀರಿನ ಸಿಂಚನ ದೂಳನ್ನು ಅದುಮಲು ಹೆಣಗುತ್ತದೆ. ಮೂರು ನಿಮಿಷಕ್ಕೊಂದರಂತೆ, ಗಂಟೆಗೆ ಇಪ್ಪತ್ತು ವ್ಯಾಗನ್ ಒಳ್ಳೆಯ ವೇಗ. ನೋಡಲು ಇದು ಭೀಮನ ಕೆಲಸವೆನಿಸಿದರೂ ತಗಲುವ ಶಕ್ತಿ ಅಲ್ಪ. 80 ಟನ್ ಭಾರವನ್ನು ಮೂರು ಮೀಟರ್ ಎತ್ತಿದರೂ ಲೆಕ್ಕಕ್ಕೆ ಬರುವುದು ಒಂದು ಯೂನಿಟ್ ವಿದ್ಯುತ್ತಿನ ಮೂರನೇ ಎರಡು ಪಾಲು. ಯಂತ್ರದ ನಷ್ಟಗಳನ್ನು ಸೇರಿಸಿ ಅದು ದುಪ್ಪಟ್ಟಾಗಲಿ; ಆ ವ್ಯಾಗನ್ನಿನ ಕಲ್ಲಿದ್ದಲು ಕೊಡುವ ಸುಮಾರು 80 ಸಾವಿರ ಯೂನಿಟ್‌ಗಳ ಮುಂದೆ ಅದು ಯಾವ ಲೆಕ್ಕ?

ಟಿಪ್ಲರಿಗೆ ಎದುರಾಳಿಯಾಗಿ ನಮ್ಮಲ್ಲಿರುವುದು ತಳದ ಬಾಗಿಲಿನ ಹಾಪರ್ ವ್ಯಾಗನ್, ರೈಲ್ವೆಯವರ ಬಿಓಬಿಆರ್‌ಎನ್. ಇಳಿಜಾರಾದ ಗೋಡೆಗಳ ಒಡಲು, ಕೆಳಗೆ ಗಾಳಿಯ ಒತ್ತಡದಿಂದ ತೆರೆಯುವ ಬಾಗಿಲುಗಳು. ಹಳಿಯ ಕೆಳಗೇ ಇರುವ ಉದ್ದನೆಯ ಹಾಪರಿನ ಮೇಲೆ ನಿಂತು ಬಾಗಿಲು ತೆರೆದರೆ ಹತ್ತಾರು ವ್ಯಾಗನ್‌ಗಳು ಒಟ್ಟಿಗೇ ಖಾಲಿಯಾಗುತ್ತವೆ. ಟಿಪ್ಲರಿನಲ್ಲಿ ಮೂರು ಗಂಟೆಗೂ ಮೀರುವ ರೇಕ್ ಇಲ್ಲಿ ಅದರ ಸಣ್ಣ ಪಾಲಿನಷ್ಟು ಹೊತ್ತಿನಲ್ಲಿ ಮುಗಿಯುತ್ತದೆ. ಹಾಗಾದರೆ ಎಲ್ಲ ವ್ಯಾಗನ್‌ಗಳನ್ನೂ ಹೀಗೇ ಮಾಡಬಾರದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರ ತೂಕದಲ್ಲಿದೆ. ಬಾಗಿಲು, ಸಿಲಿಂಡರ್, ಸನ್ನೆಗಳ ಕಾರಣಕ್ಕೆ ಬಿಓಬಿಆರ್‌ಎನ್ ವ್ಯಾಗನ್ ಸಾಮಾನ್ಯ ಪೆಟ್ಟಿಗೆ ವ್ಯಾಗನ್ ಬಾಕ್ಸ್‌ಎನ್‌ಗಿಂತ ಸುಮಾರು ಮೂರು ಟನ್ ಹೆಚ್ಚು ತೂಗುತ್ತದೆ. ಹಳಿ ತಾಳುವ ಒಟ್ಟು ಭಾರ ಎರಡಕ್ಕೂ ಒಂದೇ ಆದ್ದರಿಂದ ಆ ಮೂರು ಟನ್ ಕಲ್ಲಿದ್ದಲಿನಿಂದಲೇ ಕಡಿತ. 59 ವ್ಯಾಗನ್‌ಗಳಿಗೆ 177 ಟನ್, ಅಂದರೆ ಪ್ರತಿ ರೇಕಿನಲ್ಲೂ ಮೂರು ವ್ಯಾಗನ್ನಿನಷ್ಟು ಕಲ್ಲಿದ್ದಲು ಬರುವುದೇ ಇಲ್ಲ. ಬಾರದ ಆ ಸರಕಿನ ಜಾಗದಲ್ಲಿ, ಕೊನೆಯ ಅರ್ಧ ಗಂಟೆಯಷ್ಟೇ ಕೆಲಸಕ್ಕೆ ಬರುವ ಕಬ್ಬಿಣವನ್ನು ಸಾವಿರ ಕಿಲೋಮೀಟರ್ ಹೋಗಲಿಕ್ಕೂ ಬರಲಿಕ್ಕೂ ಎಳೆಯಬೇಕು. ಜೊತೆಗೆ ಮಳೆಗಾಲದ ಹಸಿ ಪುಡಿ ಕಲ್ಲಿದ್ದಲು ಬಾಗಿಲ ಬಾಯಲ್ಲಿ ಕಟ್ಟಿಕೊಂಡರೆ ಕೆಳಗಿನಿಂದ ತಿವಿದು ಬಿಡಿಸಬೇಕು. ಟಿಪ್ಲರಿಗೆ ಈ ತಾಪತ್ರಯ ಕಡಿಮೆ, ಇಡೀ ಬಾಯಿಯೇ ಕೆಳಮುಖವಾಗುತ್ತದಲ್ಲ.

ಹಾಪರ್ ವ್ಯಾಗನ್ ಎಲ್ಲೂ ಸಲ್ಲದು ಎಂದು ನಾನು ಹೇಳುತ್ತಿಲ್ಲ. ಗಣಿಗೂ ವಿದ್ಯುತ್ ಕೇಂದ್ರಕ್ಕೂ ನಡುವೆ ಸ್ವಂತ ಹಳಿಯಿದ್ದು, ಅದೇ ರೇಕ್ ಅಲ್ಲೇ ಸುತ್ತುತ್ತಿದ್ದರೆ ಅದಕ್ಕೆ ಸಾಟಿಯಿಲ್ಲ. ರಾಮಗುಂಡಂ, ಸಿಂಗ್ರೌಲಿ, ಕೋರ್ಬಾದಲ್ಲಿ ಎನ್‌ಟಿಪಿಸಿ ಕಟ್ಟಿದ್ದು ಅದನ್ನೇ. ದೂರ ಕಡಿಮೆ, ಸುತ್ತು ಹೆಚ್ಚು. ಅಲ್ಲಿ ಉಳಿಯುವ ಪ್ರತಿ ಗಂಟೆಯೂ ಇನ್ನೊಂದು ಸುತ್ತಾಗುತ್ತದೆ. ಈ ಕ್ರಮದ ಮೂಲ 1960ರ ದಶಕದ ಬ್ರಿಟನ್. ಅಲ್ಲಿನ ಕಲ್ಲಿದ್ದಲು ರೈಲು ನಿಲ್ಲುತ್ತಲೂ ಇರಲಿಲ್ಲ, ಆಮೆಯ ನಡಿಗೆಯಲ್ಲಿ ಸಾಗುತ್ತಿದ್ದಂತೆ ಹಳಿಬದಿಯ ಸಾಧನವೇ ಬಾಗಿಲುಗಳನ್ನು ತೆರೆದು ಮುಚ್ಚುತ್ತಿತ್ತು. ಆದರೆ ಅದರ ಮುಂದಿನ ಕಥೆಯನ್ನೂ ಓದಬೇಕು. ಬ್ರಿಟನ್ನಿನ ಕಟ್ಟಕಡೆಯ ಕಲ್ಲಿದ್ದಲು ವಿದ್ಯುತ್ ಕೇಂದ್ರ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಅದಕ್ಕೂ ಮೊದಲೇ ಕಲ್ಲಿದ್ದಲಿಗೆಂದು ಅಳೆದು ಮಾಡಿದ ಹಾಪರ್‌ಗಳು ಕೆಲಸ ಕಳೆದುಕೊಂಡಿದ್ದವು. ಕಲ್ಲು ಕಲ್ಲಿದ್ದಲಿಗಿಂತ ಭಾರವಾದ್ದರಿಂದ, ಜಲ್ಲಿ ಸಾಗಿಸಬೇಕೆಂದರೆ ಅವುಗಳಲ್ಲಿ ಕೆಲವನ್ನು ಕತ್ತರಿಸಿ ಗಿಡ್ಡ ಮಾಡಬೇಕಾಯಿತು. ಬಾಕ್ಸ್‌ಎನ್‌ನಂಥ ಪೆಟ್ಟಿಗೆಗೆ ಇಂಥ ಗತಿ ಬರುವುದು ಕಷ್ಟ. ಇಂದು ಕಲ್ಲಿದ್ದಲು ತಂದದ್ದು ನಾಳೆ ಬಳ್ಳಾರಿಯ ಅದಿರನ್ನೋ ಜಲ್ಲಿಯನ್ನೋ ತುಂಬಿಕೊಂಡು ಹೊರಡುತ್ತದೆ.

ಟಿಪ್ಲರ್ ನಿಧಾನವಾಗಲು ಮುಖ್ಯ ಕಾರಣ ಒಂದೊಂದು ವ್ಯಾಗನ್ನಿನ ಕೊಂಡಿಯನ್ನೂ ಕಳಚಬೇಕಾದದ್ದು. ಆಸ್ಟ್ರೇಲಿಯದ ಪಿಲ್ಬರಾದಲ್ಲಿ ಇದಕ್ಕೂ ಮದ್ದು ಕಂಡುಕೊಂಡಿದ್ದಾರೆ. ಅಲ್ಲಿ ಇನ್ನೂರಕ್ಕೂ ಹೆಚ್ಚು ಗಾಡಿಗಳ ಅದಿರಿನ ರೈಲುಗಳಲ್ಲಿ ಕೊಂಡಿಯೇ ತನ್ನ ಅಕ್ಷದ ಮೇಲೆ ತಿರುಗುತ್ತದೆ. ಟಿಪ್ಲರಿನ ತಿರುಗುವ ಅಕ್ಷವೂ ಕೊಂಡಿಯ ಎತ್ತರದಲ್ಲೇ ಇರುವುದರಿಂದ ರೈಲನ್ನು ಬಿಡಿಸದೆಯೇ ಎರಡೆರಡು ಗಾಡಿಗಳನ್ನು ಒಟ್ಟಿಗೇ ಮಗುಚುತ್ತಾರೆ. ಇದನ್ನು ಇಲ್ಲಿಗೂ ತರಬೇಕು ಎನ್ನುವವರು ಒಂದು ಮಾತು ಗಮನಿಸಬೇಕು: ಅಲ್ಲಿನ ರೈಲು ಒಂದೇ ಸರಕಿಗೆ, ಒಂದೇ ದಾರಿಗೆ ಮೀಸಲು. ತಿರುಗುವ ಕೊಂಡಿಗಳು ಸಾಲಿನುದ್ದಕ್ಕೂ ಸರಿಯಾದ ಜೋಡಿಯಲ್ಲಿ ನಿಂತಿರಬೇಕು, ನಡುವೆ ಬೇರೆ ವ್ಯಾಗನ್ ನುಸುಳಿದರೆ ಎಣಿಕೆಯೇ ತಪ್ಪುತ್ತದೆ. ದೇಶದ ಯಾವ ಮೂಲೆಯ ವ್ಯಾಗನ್ ಯಾವ ಮೂಲೆಗೂ ಹೋಗುವ ನಮ್ಮ ರೈಲ್ವೆಯಲ್ಲಿ ಅಂಥ ಶಿಸ್ತು ಸಾಧ್ಯವಾಗುವುದು ಬಂದರಿಗೂ ಗಣಿಗೂ ಕಟ್ಟಿಹಾಕಿದ ಕೆಲವೇ ದಾರಿಗಳಲ್ಲಿ. ನಮಗೆ ಹೊಂದುವುದು ಜೋಡಿ ಟಿಪ್ಲರ್. ಒಂದರಲ್ಲಿ ಮಗುಚುತ್ತಿರುವಾಗ ಇನ್ನೊಂದರಲ್ಲಿ ವ್ಯಾಗನ್ ನಿಲ್ಲಿಸುತ್ತಿದ್ದರೆ ರೇಕಿನ ಹೊತ್ತು ಅರ್ಧಕ್ಕಿಳಿಯುತ್ತದೆ.

ಜೋಡಿ ಬೇಕೆನ್ನಲು ಇನ್ನೂ ಗಟ್ಟಿಯಾದ ಕಾರಣವಿದೆ, ಅದು ಟಿಪ್ಲರಿನ ಮೇಲಿರುವ ದೊಡ್ಡ ಆಕ್ಷೇಪವೂ ಹೌದು. ಎಲ್ಲ ಯಂತ್ರವನ್ನೂ ಒಂದೇ ಕಡೆ ಇಟ್ಟರೆ ಅದು ಕೆಟ್ಟ ದಿನ ಎಲ್ಲವೂ ನಿಲ್ಲುತ್ತದೆ. ಹಾಪರ್ ರೇಕಿನಲ್ಲಿ ಎರಡು ವ್ಯಾಗನ್ನಿನ ಬಾಗಿಲು ಕಚ್ಚಿಕೊಂಡರೂ ಉಳಿದವು ಸುರಿಯುತ್ತವೆ. ಇದು ನಿಜ. ಆದರೆ ಒಂದೇ ಕಡೆ ಇರುವ ಯಂತ್ರಕ್ಕೆ ಒಂದೇ ಕಡೆ ಮೆಕ್ಯಾನಿಕ್ಕುಗಳನ್ನು, ಬಿಡಿಭಾಗಗಳನ್ನು ಇಟ್ಟುಕೊಳ್ಳಬಹುದು; ದೇಶದ ತುಂಬ ಹರಡಿದ ಸಾವಿರಾರು ವ್ಯಾಗನ್‌ಗಳ ಸಿಲಿಂಡರ್‌ಗಳಿಗೆ ಅಂಥ ಆರೈಕೆ ಸಿಗುವುದಿಲ್ಲ. ಮೇಲಾಗಿ ಬಾಕ್ಸ್‌ಎನ್‌ಗೆ ಪಕ್ಕದ ಬಾಗಿಲುಗಳಿವೆ. ಟಿಪ್ಲರ್ ಕೈಕೊಟ್ಟರೆ ಆಳುಗಳನ್ನು ಹಚ್ಚಿ ತೆಗೆಯುವ ದಾರಿ, ನಿಧಾನವಾದರೂ, ಮುಚ್ಚುವುದಿಲ್ಲ. ಟಿಪ್ಲರಿನ ಕೊಕ್ಕೆಗಳು ವ್ಯಾಗನ್ನಿನ ಅಂಚನ್ನು ಜಜ್ಜುತ್ತವೆ ಎಂಬ ದೂರಿನಲ್ಲೂ ಹುರುಳಿದೆ. ಅದು ಹಿಡಿತದ ಬಿಗಿಯನ್ನು, ತೊಲೆಯ ಒರಗನ್ನು ಸರಿಯಾಗಿ ಹೊಂದಿಸದ ಕಡೆ ಹೆಚ್ಚು.

ವ್ಯಾಗನ್‌ಗಳು ನಿಜಕ್ಕೂ ಹಾಳಾಗುವುದು ಟಿಪ್ಲರ್ ಇಲ್ಲದ ಗೂಡ್ಸ್ ಶೆಡ್ಡುಗಳಲ್ಲಿ. ಸಲಿಕೆಯ ಆಳುಗಳು ಸಿಗದೆ ಅಲ್ಲಿ ಜೆಸಿಬಿ ಬಂದಿದೆ. ಅದರ ಬಕೆಟ್ಟಿನ ಹಲ್ಲು ತಳದ ತಗಡನ್ನು ಗೀರುತ್ತದೆ, ಗೋಡೆಯನ್ನು ಹೊರಕ್ಕೆ ಉಬ್ಬಿಸುತ್ತದೆ, ಬಾಗಿಲ ಕೀಲನ್ನು ಬಾಗಿಸುತ್ತದೆ. ಹಾಗೆ ಪೆಟ್ಟು ತಿಂದ ವ್ಯಾಗನ್ ಮುಂದಿನ ಸಲ ಹಾದಿಯುದ್ದಕ್ಕೂ ಪುಡಿ ಉದುರಿಸಿಕೊಂಡು ಹೋಗುತ್ತದೆ. ದಿನಕ್ಕೊಂದು ರೇಕ್ ಕೂಡ ಬಾರದ ಶೆಡ್ಡಿಗೆ ಆಳವಾದ ಗುಂಡಿ ತೋಡಿ ಟಿಪ್ಲರ್ ನಿಲ್ಲಿಸುವುದು ದುಂದು, ಒಪ್ಪುತ್ತೇನೆ. ಆದರೆ ಸುತ್ತಲಿನ ಸಿಮೆಂಟ್, ಉಕ್ಕು, ಸ್ಪಾಂಜ್ ಐರನ್ ಕಾರ್ಖಾನೆಗಳಿಗೆ ಕಲ್ಲಿದ್ದಲು ಇಳಿಯುವ ನಾಲ್ಕೈದು ಶೆಡ್ಡುಗಳ ಕೆಲಸವನ್ನು ಒಂದೇ ಕಡೆ ಸೇರಿಸಿ, ಅಲ್ಲಿ ಎಲ್ಲರಿಗೂ ಸಲ್ಲುವ ಒಂದು ಟಿಪ್ಲರ್ ನಿಲ್ಲಿಸಿ, ಮುಂದಿನ ಇಪ್ಪತ್ತು ಮೂವತ್ತು ಕಿಲೋಮೀಟರ್ ಲಾರಿಗೆ ಬಿಡುವುದು ಆಗದ ಕೆಲಸವೇನಲ್ಲ. ಅದಾಗುವವರೆಗೆ, ಉಳಿದ ಶೆಡ್ಡುಗಳಲ್ಲಿ ಹಲ್ಲಿನ ಬಕೆಟ್ಟನ್ನು ನಿಷೇಧಿಸಿ, ಮೇಲಿನಿಂದ ಬಾಚಿ ಹಿಡಿಯುವ ಗ್ರ್ಯಾಬ್ ಹಾಕಿದ ಯಂತ್ರವನ್ನಷ್ಟೇ ವ್ಯಾಗನ್ನಿನೊಳಕ್ಕೆ ಬಿಡಬೇಕು.